ದೋಣಿ ಹಿಡಿಯುವ, ದೋಣಿ ಬಿಡುವ ಚಿಲಕ: ಟ್ರೈಲರ್ ಬೋಟಿನ ಕ್ಯಾಚ್ ಹೇಗೆ ಕೆಲಸ ಮಾಡುತ್ತದೆ

ಶನಿವಾರ ಬೆಳಗ್ಗೆ 5 ಗಂಟೆಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ಹತ್ತಿರದ ಮೊರೆಟನ್ ಕೊಲ್ಲಿಯಲ್ಲಿ ದೋಣಿಯನ್ನು ನೀರಿಗಿಳಿಸುವ ಕಾಂಕ್ರೀಟ್ ಇಳಿಜಾರಿಗೆ, ಅಂದರೆ ಯಾವುದಾದರೂ ಬೋಟ್ ರ‍್ಯಾಂಪಿಗೆ ಹೋಗಿ ನಿಂತರೆ ಒಂದು ವಿಷಯ ಗೊತ್ತಾಗುತ್ತದೆ. ಕಾರಿನ ಹಿಂದೆ ಟ್ರೈಲರ್, ಟ್ರೈಲರ್ ಮೇಲೆ ದೋಣಿ, ಹೀಗೆ ಸಾಲುಗಟ್ಟಿ ಬಂದವರಲ್ಲಿ ಕೆಲವರು ಒಂದೇ ನಿಮಿಷದಲ್ಲಿ ದೋಣಿ ನೀರಿಗಿಳಿಸಿ ಹೊರಟುಬಿಡುತ್ತಾರೆ. ಇನ್ನು ಕೆಲವರು ಹದಿನೈದು ನಿಮಿಷ ಒದ್ದಾಡುತ್ತಾರೆ. ಒಬ್ಬರು ಸೊಂಟದ ತನಕ ನೀರಲ್ಲಿ, ಇನ್ನೊಬ್ಬರು ಸ್ಟೀರಿಂಗ್ ಹಿಂದೆ, ನಡುವೆ ಇಂಜಿನ್ ಸದ್ದಿನಲ್ಲಿ "ಬಿಡ್ಲಾ?" "ಇನ್ನೂ ಬೇಡ!" ಅಂತ ಕೂಗಾಟ. ಹಿಂದಿನ ಸಾಲಿನಲ್ಲಿ ಕಾಯುವವರ ಮುಖ ನೋಡಿದರೆ ಸಾಕು, ಒತ್ತಡ ಇನ್ನೂ ಜಾಸ್ತಿ ಆಗುತ್ತದೆ.

ಎಲ್ಲರೂ ಇದನ್ನು ಅನುಭವದ ವ್ಯತ್ಯಾಸ ಅಂದುಕೊಳ್ಳುತ್ತಾರೆ. ಅದೂ ಇದೆ. ಆದರೆ ಬೇಗ ಮುಗಿಸುವವರಲ್ಲಿ ಹಲವರ ಟ್ರೈಲರ್ ಮುಂದೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಸ್ಟೀಲ್ ಸಾಧನ ಇರುತ್ತದೆ. ದೋಣಿ ಹತ್ತಿದಾಗ ತಾನಾಗೇ ಹಿಡಿದುಕೊಳ್ಳುತ್ತದೆ, ಬೇಕೆಂದಾಗ ಬಿಡುತ್ತದೆ. ಇಲ್ಲಿ ಅದನ್ನು ಬೋಟ್ ಕ್ಯಾಚ್ ಅಂತಲೋ ಬೋಟ್ ಲ್ಯಾಚ್ ಅಂತಲೋ ಕರೆಯುತ್ತಾರೆ. ಕಂಪನಿಗಳು ಇಟ್ಟ ಹೆಸರುಗಳೇ ಅವು, ಆದರೆ ರ‍್ಯಾಂಪಿನಲ್ಲಿ ಯಾವ ಕಂಪನಿಯದ್ದಕ್ಕೂ ಜನ ಹಾಗೇ ಹೇಳುತ್ತಾರೆ. ನಾನು ಇಲ್ಲಿ ಸುಮ್ನೆ ಕ್ಯಾಚ್ ಅಂತ ಕರೆಯುತ್ತೇನೆ.

ನಾನು ಕುಂದಾಪುರದ ಕಡೆಯವನು. ನಮ್ಮೂರ ಕಡೆ ನಾಡದೋಣಿಯನ್ನು ದಡಕ್ಕೆ ಎಳೆಯುವುದೆಂದರೆ ಹತ್ತು ಹದಿನೈದು ಜನ ಕೈಹಾಕಿ ಐಲೇಸಾ ಹೇಳುತ್ತಾ ಮರಳ ಮೇಲೆ ಎಳೆಯುವ ಕೆಲಸ. ದೋಣಿ ಎಲ್ಲಿ ಜಾರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಅಷ್ಟು ಜನರ ಕೈಗೆ ಗೊತ್ತಾಗುತ್ತದೆ. ಇಲ್ಲಿ ಅದೇ ಕೆಲಸವನ್ನು ಇಬ್ಬರು, ಕೆಲವೊಮ್ಮೆ ಒಬ್ಬರೇ, ಇಳಿಜಾರಿನ ಕಾಂಕ್ರೀಟ್ ಮೇಲೆ ಮಾಡಬೇಕು. ಕೈಗಳು ಕಡಿಮೆಯಾದಾಗ ಆ ತಿಳಿವಳಿಕೆ ಎಲ್ಲೋ ಬೇರೆ ಕಡೆ ಇರಬೇಕಾಗುತ್ತದೆ ಅಲ್ವಾ?

ಮೊದಲು ಇಳಿಜಾರಿನ ಲೆಕ್ಕ ನೋಡೋಣ, ಯಾಕೆಂದರೆ ಅದು ಗೊತ್ತಿಲ್ಲದೆ ಕ್ಯಾಚ್ ಯಾಕೆ ಬೇಕು ಅಂತ ಅರ್ಥವಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಬೋಟ್ ರ‍್ಯಾಂಪನ್ನು ಸಾಮಾನ್ಯವಾಗಿ 7 ಮೀಟರಿಗೆ 1 ಮೀಟರ್‌ನಿಂದ 9 ಮೀಟರಿಗೆ 1 ಮೀಟರ್ ಇಳಿಯುವ ಹಾಗೆ ಕಟ್ಟುತ್ತಾರೆ. ನಡುವಿನ 8ಕ್ಕೆ 1 ತೆಗೆದುಕೊಳ್ಳಿ. ಕೋನ ಸುಮಾರು 7 ಡಿಗ್ರಿ. ಕಣ್ಣಿಗೆ ದೊಡ್ಡ ಇಳಿಜಾರು ಅಲ್ಲ. ಆದರೆ ದೋಣಿ, ಇಂಜಿನ್, ಪೆಟ್ರೋಲ್, ಐಸ್ ಪೆಟ್ಟಿಗೆ ಎಲ್ಲ ಸೇರಿ 1,200 ಕೆಜಿ ಇದ್ದರೆ, ಆ ಇಳಿಜಾರಿನಲ್ಲಿ ಅದು ಹಿಂದಕ್ಕೆ ಎಳೆಯುವ ಬಲ ಹತ್ತಿರ ಹತ್ತಿರ 150 ಕೆಜಿ ತೂಕಕ್ಕೆ ಸಮ. ಇಬ್ಬರು ದೊಡ್ಡ ಆಳುಗಳು ದೋಣಿಯ ಹಿಂಭಾಗಕ್ಕೆ ಜೋತುಬಿದ್ದ ಹಾಗೆ.

ಆ 150 ಕೆಜಿಯನ್ನು ಯಾರು ತಡೆಯುತ್ತಾರೆ? ಇದಕ್ಕೆ ಉತ್ತರ ಟ್ರೈಲರಿನ ಮೇಲಿದೆ. ಟ್ರೈಲರ್‌ಗಳಲ್ಲಿ ಎರಡು ಮುಖ್ಯ ಜಾತಿ. ಒಂದರಲ್ಲಿ ದೋಣಿ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಕೂರುತ್ತದೆ, ಇದಕ್ಕೆ ಸ್ಕಿಡ್ ಅನ್ನುತ್ತಾರೆ. ಇನ್ನೊಂದರಲ್ಲಿ ಸಾಲು ಸಾಲು ರೋಲರ್‌ಗಳ ಮೇಲೆ ಕೂರುತ್ತದೆ. ಸ್ಕಿಡ್ ಮೇಲೆ ಉಜ್ಜಾಟ ಇರುತ್ತದೆ, ಹಾಗಾಗಿ ಒಣಗಿದ್ದಾಗ ದೋಣಿ ಸುಲಭಕ್ಕೆ ಜಾರುವುದಿಲ್ಲ. ರೋಲರ್ ಇರುವುದೇ ಉಜ್ಜಾಟ ಕಡಿಮೆ ಮಾಡಲು. ಅಂದರೆ ರೋಲರ್ ಟ್ರೈಲರಿನಲ್ಲಿ ಆ 150 ಕೆಜಿಯ ಬಹುಪಾಲನ್ನು ತಡೆದು ನಿಂತಿರುವುದು ಒಂದೇ ವಸ್ತು: ದೋಣಿಯ ಮೂತಿಗೆ ಕೊಕ್ಕೆಯಿಂದ ಸಿಕ್ಕಿಸಿದ ವಿಂಚ್ ಪಟ್ಟಿ. ವಿಂಚ್ ಅಂದರೆ ಟ್ರೈಲರಿನ ಮುಂದಿನ ಕಂಬದಲ್ಲಿರುವ, ಹಿಡಿಕೆ ತಿರುಗಿಸಿ ಪಟ್ಟಿ ಸುತ್ತಿ ದೋಣಿ ಎಳೆಯುವ ರಾಟೆ.

ರ‍್ಯಾಂಪಿನಲ್ಲಿ ಆಗುವ ಅತಿ ದೊಡ್ಡ ಅನಾಹುತ ಹುಟ್ಟುವುದು ಇಲ್ಲೇ. ಸಾಲಿನಲ್ಲಿ ಕಾಯುತ್ತಿರುವಾಗ ಜನ ಬೇಗ ಆಗಲಿ ಅಂತ ಮೇಲೆ ಸಮತಟ್ಟಾದ ಜಾಗದಲ್ಲೇ ಎಲ್ಲವನ್ನೂ ಬಿಚ್ಚಿಬಿಡುತ್ತಾರೆ. ದೋಣಿಯ ಹಿಂಭಾಗವನ್ನು ಟ್ರೈಲರಿಗೆ ಕಟ್ಟಿದ ಪಟ್ಟಿ ಬಿಚ್ಚಿದರು, ಸರಿ. ಅದರ ಜೊತೆಗೆ ಮುಂದಿನ ವಿಂಚ್ ಕೊಕ್ಕೆ, ಸುರಕ್ಷತಾ ಸರಪಳಿ ಎರಡೂ ಬಿಚ್ಚಿಬಿಟ್ಟರೆ? ಮೇಲೆ ದೋಣಿ ಅಲುಗಾಡದೆ ಕೂತಿರುತ್ತದೆ. ಕಾರು ಹಿಂದಕ್ಕೆ ಇಳಿಜಾರಿಗೆ ಬಂದು, ಒಮ್ಮೆ ಬ್ರೇಕ್ ಒತ್ತಿದರೆ ಮುಗಿಯಿತು. ದೋಣಿ ರೋಲರ್ ಮೇಲೆ ಉರುಳಿ, ಇನ್ನೂ ನೀರು ಮುಟ್ಟದ ಕಾಂಕ್ರೀಟ್ ಮೇಲೆ ಬೀಳುತ್ತದೆ. ಇಂಜಿನ್ನಿನ ಕೆಳಗಿನ ಭಾಗ ಮೊದಲು ನೆಲಕ್ಕೆ ಬಡಿಯುತ್ತದೆ. ಹಿಂದೆ ಯಾರಾದರೂ ನಿಂತಿದ್ದರೆ ಮಾತೇ ಬೇಡ. ನನ್ನ ಕಣ್ಣೆದುರೇ ಒಮ್ಮೆ ಹೀಗಾಯಿತು, ಮೂರು ಹೆಜ್ಜೆ ಆಚೆ ಒಂದು ಮಗು ಬಕೆಟ್ ಹಿಡಿದು ನಿಂತಿತ್ತು. ಮಗುವಿಗೆ ಏನೂ ಆಗಲಿಲ್ಲ. ಆ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ, ಈ ಲೇಖನ ಬರೆಯಲು ಅದೂ ಒಂದು ಕಾರಣ.

ಹಾಗಾದರೆ ಕೊಕ್ಕೆಯನ್ನು ನೀರಿಗೆ ಹೋದ ಮೇಲೇ ಬಿಚ್ಚಬಹುದಲ್ಲ ಅಂತ ಕೇಳುತ್ತೀರಿ. ಬಿಚ್ಚಬಹುದು, ಬಿಚ್ಚಬೇಕು ಕೂಡ. ಆದರೆ ಬಿಚ್ಚುವವರು ಎಲ್ಲಿ ನಿಲ್ಲಬೇಕು ನೋಡಿ. ಕಾರಿಗೂ ದೋಣಿಗೂ ನಡುವೆ, ಟ್ರೈಲರಿನ ಕಿರಿದಾದ ಕಂಬಿಯ ಮೇಲೆ, ಇಲ್ಲವೇ ಪಾಚಿ ಕಟ್ಟಿದ ಕಾಂಕ್ರೀಟ್ ಮೇಲೆ. ಉಬ್ಬರ ಇಳಿದಾಗ ರ‍್ಯಾಂಪಿನ ಕೆಳಭಾಗ ಹೊರಗೆ ಕಾಣುತ್ತದಲ್ಲ, ಅದು ದಿನದ ಅರ್ಧ ಹೊತ್ತು ನೀರೊಳಗೇ ಇದ್ದ ಜಾಗ. ಅಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಸಾಮಾನ್ಯವಾಗಿ 2 ಮೀಟರ್ ಒಳಗೇ. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್‌ನಲ್ಲಿ ದೊಡ್ಡ ಉಬ್ಬರದ ದಿನ ಅದು 7 ಮೀಟರ್ ದಾಟುತ್ತದೆ. ಅಲ್ಲಿ ಪಾಚಿ ಕಟ್ಟುವ ಜಾಗ ಎಷ್ಟು ಉದ್ದ ಇರಬಹುದು, ನೀವೇ ಊಹಿಸಿ.

ವಾಪಸ್ ಬರುವಾಗ ಇನ್ನೂ ಕಷ್ಟ. ದೋಣಿಯನ್ನು ಟ್ರೈಲರ್ ಮೇಲೆ ತಂದು ನಿಲ್ಲಿಸಿದ್ದೀರಿ, ಗಾಳಿ ಪಕ್ಕದಿಂದ ತಳ್ಳುತ್ತಿದೆ, ಅಲೆ ಹಿಂದೆ ಮುಂದೆ ಆಡಿಸುತ್ತಿದೆ. ಆ ಹೊತ್ತಿಗೆ ಯಾರಾದರೂ ಇಳಿದು ಬಂದು ವಿಂಚ್ ಪಟ್ಟಿ ಎಳೆದು ಕೊಕ್ಕೆ ಹಾಕಬೇಕು. ಅಷ್ಟರ ತನಕ ಇಂಜಿನ್ ಮುಂದಕ್ಕೆ ತಳ್ಳುತ್ತಲೇ ಇರಬೇಕು. ಆಮೇಲೆ ವಿಂಚ್ ತಿರುಗಿಸಬೇಕು. ಬ್ರೇಕ್ ಇಲ್ಲದ ಸಾದಾ ವಿಂಚಿನಲ್ಲಿ ಹಲ್ಲು ತಡೆ ತಪ್ಪಿದರೆ ಹಿಡಿಕೆ ಗಿರ್ರನೆ ಹಿಂದಕ್ಕೆ ಸುತ್ತುತ್ತದೆ. ಅದು ಕೈಗೆ ಬಡಿದರೆ ಮೂಳೆ ಮುರಿಯುತ್ತದೆ. ಹಳೆ ತಂತಿ ಹಗ್ಗ ಇದ್ದವರಿಗೆ ತುಂಡಾಗಿ ಬೀಸುವ ಭಯ ಬೇರೆ.

ಈಗ ಕ್ಯಾಚ್‌ಗೆ ಬರೋಣ.

ದೋಣಿಯ ಮೂತಿಯಲ್ಲಿ, ನೀರಿನ ಮಟ್ಟದಿಂದ ಸ್ವಲ್ಪ ಮೇಲೆ, ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿದ ಒಂದು ದಪ್ಪ ಸ್ಟೀಲ್ ಸರಳು ಇರುತ್ತದೆ. ಇದಕ್ಕೆ ಬೋ ಐ ಅಂತ ಹೆಸರು, ನಾನು ಮೂತಿಬಳೆ ಅನ್ನುತ್ತೇನೆ. ವಿಂಚ್ ಕೊಕ್ಕೆ ಸಿಕ್ಕಿಸುವುದೂ ಇದಕ್ಕೇ. ಕ್ಯಾಚ್ ಕೂರುವುದು ಟ್ರೈಲರಿನ ಮುಂದಿನ ಕಂಬದಲ್ಲಿ, ಸರಿಯಾಗಿ ಈ ಬಳೆಯ ಎತ್ತರಕ್ಕೆ. ದೋಣಿ ಮುಂದಕ್ಕೆ ಬಂದು ಕೂತಾಗ ಬಳೆ ಕ್ಯಾಚಿನ ಬಾಯೊಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ಎರಡು ಬಗೆ.

ಮೊದಲನೆಯದು ಪಿನ್ನಿನದ್ದು. ಹಳ್ಳಿಮನೆಯ ಬಾಗಿಲಿನ ಚಿಲಕ ನೆನಪಿಸಿಕೊಳ್ಳಿ, ಅದಕ್ಕೆ ಹಿಂದಿನಿಂದ ಒಂದು ಬಲವಾದ ಸ್ಪ್ರಿಂಗ್ ಸೇರಿಸಿ. ಪಿನ್ನನ್ನು ಹಿಂದಕ್ಕೆ ಎಳೆದು ಒಂದು ಸಣ್ಣ ತಡೆಗೆ ಸಿಕ್ಕಿಸಿಟ್ಟಿರುತ್ತೀರಿ, ಇಲಿಬೋನು ಹೂಡಿಟ್ಟ ಹಾಗೆ. ದೋಣಿ ಬಂದು ಬಳೆ ಆ ತಡೆಯನ್ನು ತಳ್ಳಿದ ಕೂಡಲೇ ಸ್ಪ್ರಿಂಗ್ ಬಿಚ್ಚಿಕೊಂಡು ಪಿನ್ನು ಬಳೆಯ ನಡುವೆ ಅಡ್ಡಕ್ಕೆ ನುಗ್ಗುತ್ತದೆ. ಟಕ್ ಅಂತ ಸದ್ದು. ಆ ಸದ್ದು ಕೇಳಿದರೆ ದೋಣಿ ಸಿಕ್ಕಿತು ಅಂತ.

ಎರಡನೆಯದು ದವಡೆಯದ್ದು. ಇದು ಕಾರಿನ ಬಾಗಿಲಿನ ಲಾಕ್ ಥರ. ಕಾರಿನ ಬಾಗಿಲ ಅಂಚಿನಲ್ಲಿ ಒಂದು ಉಗುರಿನಂಥ ತುಂಡು ಇರುತ್ತದೆ, ಬಾಗಿಲು ಹಾಕಿದಾಗ ಕಂಬದಲ್ಲಿರುವ ಬಳೆ ಅದನ್ನು ತಳ್ಳುತ್ತದೆ, ಉಗುರು ತಿರುಗಿ ಬಳೆಯನ್ನು ಅಪ್ಪಿಕೊಳ್ಳುತ್ತದೆ, ಹಿಂದೆ ಒಂದು ಹಲ್ಲು ಬಿದ್ದು ಅದು ತಿರುಗದ ಹಾಗೆ ತಡೆಯುತ್ತದೆ. ಇಲ್ಲೂ ಅಷ್ಟೇ. ದೋಣಿಯ ನೂಕುವಿಕೆಯೇ ದವಡೆಯನ್ನು ಮುಚ್ಚುತ್ತದೆ. ಬಿಡುವಾಗ ಹಲ್ಲನ್ನು ಎತ್ತಿದರೆ ದೋಣಿ ಹಿಂದೆ ಹೋಗುತ್ತಾ ದವಡೆಯನ್ನು ತಾನೇ ತೆರೆದು ಹೋಗುತ್ತದೆ. ಮುಂದಿನ ಸಲಕ್ಕೆ ಅದು ಬಾಯಿ ತೆರೆದೇ ಕಾಯುತ್ತಿರುತ್ತದೆ, ಬೇರೆ ಹೂಡುವ ಕೆಲಸ ಇಲ್ಲ. ಪಿನ್ನಿನದ್ದು ಭಾಗ ಕಡಿಮೆ, ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ದವಡೆಯದ್ದರಲ್ಲಿ ಒಳಗಡೆ ಏನಾಗಿದೆ ಅಂತ ಬಗ್ಗಿ ನೋಡಬೇಕು. ನನಗೆ ಪಿನ್ನಿನದ್ದೇ ಇಷ್ಟ, ದೂರದಿಂದಲೇ ಪಿನ್ನು ದಾಟಿದೆಯೋ ಇಲ್ಲವೋ ತಿಳಿಯುತ್ತದೆ ಅನ್ನುವ ಒಂದೇ ಕಾರಣಕ್ಕೆ.

ಬಿಡುವ ವಿಧಾನದಲ್ಲಿ ಒಂದು ಸೂಕ್ಷ್ಮ ಇದೆ, ಹೊಸಬರು ಎಡವುವುದು ಇಲ್ಲೇ. ನೀರಿಗೆ ಇಳಿಸಿ ಆಗಿದೆ, ದೋಣಿಯ ಹಿಂಭಾಗ ತೇಲುತ್ತಿದೆ, ಒಳಗೆ ಕೂತವರು ಕ್ಯಾಚಿನ ಹಿಡಿಗೆ ಕಟ್ಟಿದ ಹಗ್ಗ ಎಳೆಯುತ್ತಾರೆ. ಬರುವುದಿಲ್ಲ. ಇನ್ನೂ ಜೋರಾಗಿ ಎಳೆಯುತ್ತಾರೆ. ಹಗ್ಗ ಕಿತ್ತುಬರುತ್ತದೆ ಹೊರತು ಪಿನ್ನು ಬರುವುದಿಲ್ಲ. ಯಾಕೆ? ಹೊರಗಿನಿಂದ ಯಾರೋ ಬಾಗಿಲನ್ನು ಎಳೆದು ಹಿಡಿದಿದ್ದರೆ ಚಿಲಕ ಜಾರುತ್ತದೆಯೇ? ಬಾಗಿಲ ಭಾರ ಪೂರ್ತಿ ಚಿಲಕದ ಮೇಲೆ ಕೂತಿರುತ್ತದೆ. ಬಾಗಿಲನ್ನು ಸ್ವಲ್ಪ ಈಚೆ ಎಳೆದರೆ ಚಿಲಕ ಸಲೀಸಾಗಿ ಬರುತ್ತದೆ. ಇಲ್ಲೂ ಹಾಗೇ. ದೋಣಿ ಹಿಂದಕ್ಕೆ ಜಗ್ಗುತ್ತಾ ಪಿನ್ನಿಗೆ ನೇತುಬಿದ್ದಿದೆ. ಇಂಜಿನ್ ಶುರುಮಾಡಿ ಒಂದು ಕ್ಷಣ ಮುಂದಕ್ಕೆ ಗೇರ್ ಹಾಕಿ, ಮೂತಿ ಟ್ರೈಲರಿನ ಮುಂದಿನ ಕಂಬದ ರಬ್ಬರಿಗೆ ಒತ್ತಲಿ. ಪಿನ್ನು ಹಗುರಾಯಿತು. ಈಗ ಎಳೆದರೆ ಬೆರಳಲ್ಲೇ ಬರುತ್ತದೆ. ಆಮೇಲೆ ರಿವರ್ಸ್. ಇಂಜಿನ್ ಶುರುವಾಗದೆ ದೋಣಿ ಬಿಡಲಾಗದು ಅನ್ನುವುದು ಇದರ ಇನ್ನೊಂದು ಲಾಭ. ಮೊದಲು ಬಿಟ್ಟು ಆಮೇಲೆ ಇಂಜಿನ್ ಕೆಮ್ಮುತ್ತಾ ಗಾಳಿಗೆ ಬಂಡೆಯ ಕಡೆ ತೇಲುವ ಪಾಡು ತಪ್ಪುತ್ತದೆ.

ಕೆಲವದರಲ್ಲಿ ಒಮ್ಮೆ ಎಳೆದರೆ ಪಿನ್ನು ಹಿಂದೆ ಹೋಗಿ ಅಲ್ಲೇ ನಿಲ್ಲುತ್ತದೆ. ಕೆಲವದರಲ್ಲಿ ಬಳೆ ಪೂರ್ತಿ ಹೊರಬರುವ ತನಕ ಹಗ್ಗ ಹಿಡಿದೇ ಇರಬೇಕು. ನಿಮ್ಮದು ಯಾವುದು ಅಂತ ಮನೆ ಅಂಗಳದಲ್ಲೇ ತಿಳಿದುಕೊಳ್ಳಿ. ಇನ್ನೊಂದು, ಆ ಹಗ್ಗದ ತುದಿಯನ್ನು ಎಂದೂ ದೋಣಿಯ ಕಂಬಿಗೆ ಗಂಟು ಹಾಕಬೇಡಿ. ಒಂದು ಸುತ್ತು ಬಳಸಿ ಸಡಿಲವಾಗಿ ಬಿಟ್ಟಿರಿ, ಕೈ ಬಿಟ್ಟರೆ ಜಾರಿ ಬೀಳಬೇಕು. ಗಂಟು ಹಾಕಿದರೆ ದೋಣಿ ಹೊರಟಾಗ ಕ್ಯಾಚನ್ನೇ ಎಳೆದುಕೊಂಡು ಹೋಗುತ್ತದೆ, ರಸ್ತೆಯಲ್ಲಿ ದೋಣಿ ಕುಲುಕಿದಾಗ ಹಗ್ಗ ಬಿಗಿಯಾಗಿ ತಾನೇ ಬಿಚ್ಚಿಕೊಳ್ಳುವ ಅಪಾಯವೂ ಇದೆ.

ಈಗ ಎತ್ತರದ ವಿಷಯ. ಕ್ಯಾಚ್ ಕೂರಿಸುವುದರಲ್ಲಿ ಅತಿ ಹೆಚ್ಚು ತಲೆ ಕೆಡಿಸುವುದು ಇದೇ. ದೋಣಿ ಟ್ರೈಲರ್ ಮೇಲೆ ಕೂತಿದ್ದಾಗ ಅಳತೆ ಹಿಡಿದು ಬೋಲ್ಟ್ ಬಿಗಿ ಮಾಡುತ್ತೀರಿ, ಬಳೆ ಸರಿಯಾಗಿ ಬಾಯೊಳಗೆ ಹೋಗುತ್ತದೆ. ರ‍್ಯಾಂಪಿಗೆ ಹೋದರೆ ಹೋಗುವುದಿಲ್ಲ! ಕಾರಣ ಸರಳ. ಟ್ರೈಲರ್ 7 ಡಿಗ್ರಿ ಓರೆಯಾಗಿದೆ, ತೇಲುವ ದೋಣಿ ಮಾತ್ರ ನೆಟ್ಟಗೆ ಇರಲು ನೋಡುತ್ತದೆ. ಹಿಂಭಾಗ ಇನ್ನೂ ನೀರಲ್ಲಿ ತೇಲುತ್ತಿರುವಾಗ, ಟ್ರೈಲರಿನ ಲೆಕ್ಕದಲ್ಲಿ ನೋಡಿದರೆ ದೋಣಿಯ ಹಿಂದು ಎದ್ದಿರುತ್ತದೆ, ಮೂತಿ ತಗ್ಗಿರುತ್ತದೆ. ಕಾರು ಮೇಲಕ್ಕೆ ಎಳೆದಂತೆ ಹಿಂಭಾಗ ಕೆಳಗೆ ಕೂತು ಎರಡೂ ಒಂದೇ ಗೆರೆಗೆ ಬರುತ್ತವೆ. ಅಂದರೆ ಬಳೆ ಒಳಗೆ ಹೋಗುವಾಗಿನ ಎತ್ತರ, ಓರೆ ಬೇರೆ, ಕೊನೆಗೆ ನಿಲ್ಲುವ ಎತ್ತರ ಬೇರೆ. ಅದಕ್ಕೇ ಕ್ಯಾಚಿನ ಬಾಯಿ ಅಗಲ ಇರುತ್ತದೆ, ಬಳೆಯೊಳಗೆ ಪಿನ್ನಿಗೆ ಆಡಲು ಸ್ವಲ್ಪ ಜಾಗ ಬೇಕಾಗುತ್ತದೆ. ಅಂಗಳದಲ್ಲಿ ಕೂರಿಸಿ ಅರ್ಧ ಬಿಗಿ ಮಾಡಿ, ಜನ ಇಲ್ಲದ ವಾರದ ನಡುವಿನ ದಿನ ರ‍್ಯಾಂಪಿಗೆ ಹೋಗಿ ಸರಿಮಾಡಿಕೊಳ್ಳುವುದು ಒಳ್ಳೆಯದು. ಒಂದು ಸ್ಪ್ಯಾನರ್ ಜೇಬಲ್ಲಿರಲಿ.

ಟ್ರೈಲರನ್ನು ಎಷ್ಟು ಆಳಕ್ಕೆ ಇಳಿಸುತ್ತೀರಿ ಅನ್ನುವುದೂ ಇದಕ್ಕೇ ಸೇರಿದ್ದು. ತೀರಾ ಆಳಕ್ಕೆ ಹೋದರೆ ದೋಣಿ ಟ್ರೈಲರ್ ಮೇಲೆ ಕೂರುವುದೇ ಇಲ್ಲ, ತೇಲುತ್ತಲೇ ಇರುತ್ತದೆ. ರೋಲರ್‌ಗಳು ದಾರಿ ತೋರಿಸಲಾರವು, ಬಳೆ ಕ್ಯಾಚಿನ ತಲೆಯ ಮೇಲಿಂದ ಹೋಗುತ್ತದೆ. ಕಡಿಮೆ ಆಳವಾದರೆ ದೋಣಿ ಅರ್ಧಕ್ಕೇ ನಿಲ್ಲುತ್ತದೆ. ಹಲವು ಟ್ರೈಲರ್‌ಗಳಿಗೆ ಚಕ್ರದ ಮೇಲಿನ ಮಡ್‌ಗಾರ್ಡ್ ನೀರಲ್ಲಿ ಆಗಷ್ಟೇ ಮುಳುಗಿದಾಗ ಹದ ಸಿಗುತ್ತದೆ, ಅಲ್ಲಿಂದ ಅರ್ಧ ಅಡಿ ಆಚೆ ಈಚೆ ನೋಡಬೇಕು. ಹದ ಸಿಕ್ಕಿದ ದಿನ ಮಡ್‌ಗಾರ್ಡ್ ಮೇಲೆ ಒಂದು ಗುರುತು ಹಾಕಿಕೊಳ್ಳಿ. ಒಂದೊಂದು ರ‍್ಯಾಂಪಿನ ಓರೆ ಒಂದೊಂದು ಥರ, ಹಾಗಾಗಿ ಬೇರೆ ಊರಿಗೆ ಹೋದಾಗ ಮತ್ತೆ ನೋಡಬೇಕು.

ದೋಣಿಯನ್ನು ಓಡಿಸಿಕೊಂಡೇ ಟ್ರೈಲರ್ ಹತ್ತಿಸುವವರು ಇಂಜಿನ್ ಎಷ್ಟು ಕೊಡಬೇಕು? ಕ್ಯಾಚ್ ಇರುವುದರಿಂದ ಜೋರಾಗಿ ಬಂದು ಗುದ್ದಿದರೂ ನಡೆಯುತ್ತದೆ ಅನ್ನುವ ಭಾವನೆ ಬರುತ್ತದೆ. ಬೇಡ. ಇಂಜಿನ್ ಹಿಂದಕ್ಕೆ ತಳ್ಳುವ ನೀರು ರ‍್ಯಾಂಪಿನ ಕೊನೆಯ ಕಾಂಕ್ರೀಟ್ ಕೆಳಗಿನ ಮಣ್ಣನ್ನು ಕೊರೆದು ಹಾಕುತ್ತದೆ. ಅಲ್ಲಿ ಗುಂಡಿ, ಅದರ ಹಿಂದೆ ಮಣ್ಣಿನ ದಿಬ್ಬ. ಗುಂಡಿಗೆ ಟ್ರೈಲರ್ ಚಕ್ರ ಬಿದ್ದು ಸಿಕ್ಕಿಹಾಕಿಕೊಳ್ಳುತ್ತದೆ, ದಿಬ್ಬಕ್ಕೆ ಇನ್ನೊಬ್ಬರ ದೋಣಿ ತಾಗುತ್ತದೆ. ಅಮೆರಿಕದ ಮಿನೆಸೋಟದಂಥ ಸರೋವರಗಳ ರಾಜ್ಯಗಳಲ್ಲಿ ಸರ್ಕಾರದವರೇ ಹೀಗೆ ಮಾಡಬೇಡಿ ಅಂತ ಜನರನ್ನು ಕೇಳಿಕೊಳ್ಳುತ್ತಾರೆ. ಕ್ಯಾಚಿಗೆ ಬೇಕಾದ್ದು ನಡಿಗೆಯ ವೇಗ, ಕೊನೆಯಲ್ಲಿ ಒಂದು ಸಣ್ಣ ಒತ್ತು. ಅಷ್ಟಕ್ಕೆ ಪಿನ್ನು ಬೀಳದಿದ್ದರೆ ತಪ್ಪು ಎತ್ತರದಲ್ಲಿದೆ, ಆಳದಲ್ಲಿದೆ, ಇಲ್ಲವೇ ತುಕ್ಕಿನಲ್ಲಿದೆ.

ಟಕ್ ಅಂತ ಸದ್ದು ಬಂತು ಅಂದ ಮಾತ್ರಕ್ಕೆ ನಂಬಬೇಡಿ. ಪಿನ್ನು ಬಳೆಯ ನಡುವೆ ಹೋಗದೆ ಬಳೆಯ ಮುಂದೆಯೇ ಬಿದ್ದಿರಬಹುದು, ಅಥವಾ ಅರ್ಧಕ್ಕೆ ನಿಂತಿರಬಹುದು. ಸದ್ದು ಆಗಲೂ ಬರುತ್ತದೆ. ಮೂತಿಯಿಂದ ಬಗ್ಗಿ ಕಣ್ಣಾರೆ ನೋಡಿ, ಆಮೇಲೆ ಇಂಜಿನ್ ನ್ಯೂಟ್ರಲ್ ಮಾಡಿ, ದೋಣಿ ಕ್ಯಾಚಿನ ಮೇಲೆ ಹಿಂದಕ್ಕೆ ಒರಗಲಿ. ಒರಗಿ ನಿಂತಿತು ಅಂದರೆ ಹಿಡಿದಿದೆ. ಆಗ ಮಾತ್ರ ಕಾರಿನವರಿಗೆ ಕೈ ಮಾಡಿ.

ಮೂತಿಬಳೆಯ ಕಡೆಗೂ ಒಮ್ಮೆ ನೋಡಿ. ಎಲ್ಲ ದೋಣಿಗೂ ಯು ಆಕಾರದ ಬಳೆ ಇರುವುದಿಲ್ಲ. ಇಲ್ಲಿ ಟಿನ್ನಿ ಅಂತ ಕರೆಯುವ ಸಣ್ಣ ಅಲ್ಯುಮಿನಿಯಂ ದೋಣಿಗಳಲ್ಲಿ ಎಷ್ಟೋ ಸಲ ತೂತು ಕೊರೆದ ಒಂದು ತಗಡಿನ ಕಿವಿ ಮಾತ್ರ ಇರುತ್ತದೆ. ಅದಕ್ಕೆ ಎಲ್ಲ ಕ್ಯಾಚೂ ಹೊಂದುವುದಿಲ್ಲ. ಬಳೆ ಇದ್ದರೂ ಅದರ ದಪ್ಪ ಎಷ್ಟು, ಎಷ್ಟು ಹೊರಗೆ ಚಾಚಿದೆ ಅಂತ ಅಳೆದೇ ಕ್ಯಾಚ್ ಕೊಳ್ಳಬೇಕು. ಬಳೆಯ ಒಳಬದಿ, ದೋಣಿಯೊಳಗೆ ನಟ್ ಕೂತಿರುವ ಕಡೆ ಅಗಲವಾದ ಸ್ಟೀಲ್ ತಗಡು ಇದೆಯೇ? ಕ್ಯಾಚ್ ಎಷ್ಟೇ ಗಟ್ಟಿ ಇರಲಿ, ಬಳೆ ಫೈಬರ್ ಕಿತ್ತುಕೊಂಡು ಬಂದರೆ ಏನೂ ಉಳಿಯುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಹೆಚ್ಚು ಜನ ತಪ್ಪು ತಿಳಿದಿರುವ ಮಾತು. ಕ್ಯಾಚ್ ಇರುವುದು ರ‍್ಯಾಂಪಿಗೆ. ರಸ್ತೆಗೆ ಅದೊಂದೇ ಸಾಲದು. ಆಸ್ಟ್ರೇಲಿಯಾದ ಸರಕು ಕಟ್ಟುವ ನಿಯಮದ ಪ್ರಕಾರ ಗಾಡಿಯ ಮೇಲಿನ ಹೊರೆಯನ್ನು ಅದರ ತೂಕದ 80% ಬಲ ಮುಂದಕ್ಕೆ ಬಿದ್ದರೂ, 50% ಪಕ್ಕಕ್ಕೆ ಮತ್ತು ಹಿಂದಕ್ಕೆ ಬಿದ್ದರೂ, 20% ಮೇಲಕ್ಕೆ ಬಿದ್ದರೂ ತಡೆಯುವ ಹಾಗೆ ಕಟ್ಟಿರಬೇಕು. ನಮ್ಮ 1,200 ಕೆಜಿಯ ದೋಣಿಗೆ ಲೆಕ್ಕ ಹಾಕಿ: ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ 960 ಕೆಜಿ, ತಿರುವಿನಲ್ಲಿ ಪಕ್ಕಕ್ಕೆ 600 ಕೆಜಿ. ರ‍್ಯಾಂಪಿನಲ್ಲಿ ಕ್ಯಾಚ್ ಹೊತ್ತದ್ದು 150 ಕೆಜಿ, ನೆನಪಿದೆಯಲ್ಲ? ಅಷ್ಟೇ ಅಲ್ಲ, ಕ್ಯಾಚ್ ಹಿಡಿದಿರುವುದು ಮೂತಿಯ ಒಂದು ಬಿಂದುವನ್ನು ಮಾತ್ರ. ಭಾರದ ಇಂಜಿನ್ ಇರುವುದು ಇನ್ನೊಂದು ತುದಿಯಲ್ಲಿ, ಗುಂಡಿಗೆ ಬಿದ್ದಾಗ ಮೇಲೆ ಹಾರುವುದು ಆ ತುದಿ. ಹಾಗಾಗಿ ಹಿಂಭಾಗಕ್ಕೆ ಎರಡೂ ಬದಿ ಪಟ್ಟಿ, ಮುಂದೆ ಸುರಕ್ಷತಾ ಸರಪಳಿ, ವಿಂಚ್ ಪಟ್ಟಿ, ಇವೆಲ್ಲ ಕ್ಯಾಚ್ ಇದ್ದರೂ ಬೇಕೇ ಬೇಕು. ಇಳಿಸುವಾಗ ಹಿಂದಿನ ಪಟ್ಟಿಗಳನ್ನು ಮೇಲಿನ ಸಮತಟ್ಟಿನಲ್ಲಿ ಬಿಚ್ಚಿ. ವಿಂಚ್ ಕೊಕ್ಕೆ, ಸರಪಳಿಯನ್ನು ಅಲ್ಲೇ ತೆಗೆಯುವುದಾದರೆ ಮೊದಲು ಕ್ಯಾಚಿನ ಪಿನ್ನು ಪೂರ್ತಿ ದಾಟಿರುವುದನ್ನು ಬೆರಳಿಟ್ಟು ನೋಡಿ. ನಾನಂತೂ ಸರಪಳಿಯನ್ನು ನೀರಿನ ಅಂಚಿಗೆ ಬಂದ ಮೇಲೇ ತೆಗೆಯುತ್ತೇನೆ. ಹತ್ತು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಕೊನೆಗೆ ಉಪ್ಪುನೀರು. ಕ್ಯಾಚ್ ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೂ ಒಳಗಿನ ಸ್ಪ್ರಿಂಗ್ ಸುತ್ತ ಉಪ್ಪು ಹರಳುಗಟ್ಟುತ್ತದೆ, ಮರಳು ಸೇರುತ್ತದೆ. ಪಿನ್ನು ನಿಧಾನವಾಗುವುದು ಮೊದಲ ಸೂಚನೆ. ಟಕ್ ಅನ್ನುವ ಬದಲು ಸರಕ್ ಅನ್ನತೊಡಗುತ್ತದೆ. ಮನೆಗೆ ಬಂದು ಇಂಜಿನ್ ತೊಳೆಯುವಾಗ ಪೈಪನ್ನು ಒಂದು ನಿಮಿಷ ಕ್ಯಾಚಿನ ಒಳಗೂ ಹಿಡಿಯಿರಿ, ಪಿನ್ನನ್ನು ನಾಲ್ಕೈದು ಸಲ ಎಳೆದು ಬಿಡುತ್ತಾ ತೊಳೆಯಿರಿ. ಒಣಗಿದ ಮೇಲೆ ನೀರಿಗೆ ಕರಗದ ಗ್ರೀಸ್ ತೆಳುವಾಗಿ ಹಚ್ಚಿ. ದಪ್ಪಗೆ ಬಳಿದರೆ ಮರಳು ಅಂಟಿಕೊಂಡು ಇನ್ನೂ ಬೇಗ ಹಾಳಾಗುತ್ತದೆ. ಪಿನ್ನಿನ ತುದಿ ಸವೆದಿದೆಯೇ, ಸ್ಪ್ರಿಂಗ್ ಸಡಿಲಾಗಿದೆಯೇ, ಕಂಬಕ್ಕೆ ಬಿಗಿದ ಬೋಲ್ಟ್ ಅಲ್ಲಾಡುತ್ತಿದೆಯೇ, ಮೀನು ಹಿಡಿಯುವ ಕಾಲ ಶುರುವಾಗುವ ಮೊದಲು ಇಷ್ಟನ್ನು ನೋಡಿ. ಪಿನ್ನು ಎಳೆಯುವ ಹಗ್ಗವನ್ನಂತೂ ಪ್ರತಿ ವರ್ಷ ಬದಲಿಸಿ. ಬಿಸಿಲಿಗೆ ಮೊದಲು ಸಾಯುವುದು ಅದೇ.